ಜರ್ಮನಿಯ ಚೆಮ್ನಿಟ್ಸ್‌ಗಿ ಓದ್ಲಿಕ್ಕ ಬಂದು ನಾಲ್ಕು ವಾರ ಆಯ್ತು, ಒಂದು ಪತ್ರಾನೂ ಕೈಗಿ ಸಿಕ್ಕಿಲ್ಲ. ಯಾರರ ಹೇಳ್ರಿ

ಜೋಳದಹೊಲ (ಕಲಬುರಗಿ, ಈಗ ಚೆಮ್ನಿಟ್ಸ್) · ಅಕ್ಟೋಬರ್ 28, 2025

ಎಲ್ಲರಿಗೂ ನಮಸ್ಕಾರ್ರಿ. ಹೋದ ವರ್ಷದಿಂದ ಇಲ್ಲಿ ಸುಮ್ಮನ ಓದ್ಕೋತ ಕುಂತಾಕಿ ನಾನು. ಎಪಿಎಸ್ ಸರ್ಟಿಫಿಕೇಟು (ನಮ್ಮ ಓದಿನ ಕಾಗದ ಖರೇ ಅದಾವ ಅಂತ ಕೊಡೋದು), ಬ್ಲಾಕ್ಡ್ ಅಕೌಂಟು (ತಿಂಗಳಿಗಿ ಇಷ್ಟೇ ಅಂತ ರೊಕ್ಕ ಬಿಡೋ ಖಾತೆ), ವೀಸಾ ಎಲ್ಲಾ ನಿಮ್ಮ ಪೋಸ್ಟ್ ಓದೇ ಮಾಡ್ಕೊಂಡೀನಿ. ಈಗ ಮೊದಲ ಸಲ ಬರೀಲತ್ತೀನಿ, ಯಾಕಂದ್ರ ಸಿಕ್ಕಾಕ್ಕೊಂಡೀನಿ.

ಸೆಪ್ಟೆಂಬರ್ 30ಕ್ಕ ಬಂದೆ. ವೀಸಾ ತಡ ಆಗಿ ಹಾಸ್ಟೆಲ್ ಖೋಲಿ ಕೈ ತಪ್ತು. ಜೊನ್ನೆನ್‌ಬೆರ್ಗ್ ಅನ್ನೋ ಏರಿಯಾದಾಗ ನಮ್ಮ ದೇಶದವರೇ ಒಬ್ಬ ಸೀನಿಯರ್ ತಮ್ಮ ಫ್ಲ್ಯಾಟಿನಾಗ ಒಂದು ಖೋಲಿ ಕೊಟ್ಟಾರ, 230 ಯೂರೊ. ಬ್ಯಾಂಕ್ ಅಕೌಂಟ್ ಫೋನಿನಾಗೇ ತೆಗದೆ. ಕಾರ್ಡು ಒಂದು ಟಪಾಲಿನಾಗ ಬರ್ತದ, ಪಿನ್ನು ಇನ್ನೊಂದು ಟಪಾಲಿನಾಗ ಬರ್ತದ, ಆ್ಯಪ್ ಚಾಲೂ ಮಾಡೋ ಕೋಡು ಮತ್ತೊಂದು ಟಪಾಲಿನಾಗ ಬರ್ತದ ಅಂದ್ರು. ಮೂರೂ ಬಂದಿಲ್ಲ. ಆರೋಗ್ಯ ವಿಮೆ ಕಾರ್ಡೂ ಬಂದಿಲ್ಲ.

ಬ್ಲಾಕ್ಡ್ ಅಕೌಂಟಿನಿಂದ ಮೊದಲ ತಿಂಗಳ 992 ಯೂರೊ ಬ್ಯಾಂಕಿಗಿ ಹಾಕೀವಿ ಅಂತ ಮೇಲ್ ಬಂದದ. ರೊಕ್ಕ ನಂದೇ, ತೆಗೀಲಿಕ್ಕ ಬರವಲ್ದು. ಕೈಯಾಗ 140 ಯೂರೊ ಉಳದಾವ. ಬ್ಯಾಂಕಿನವರಿಗಿ ಫೋನ್ ಹಚ್ಚಿದ್ರ "ನಾವು ಕಳ್ಸೀವಿ, ವಾಪಸ್ ಬಂದದ" ಅಂತಾರ. ವಿಳಾಸ ಬರೋಬ್ಬರಿ ಅದ. ಓಣಿ ಹೆಸರು, ಮನಿ ನಂಬರ್, ಪಿನ್ ಕೋಡ್ ಎಲ್ಲಾ ಮೂರ್ ಮೂರ್ ಸಲ ನೋಡೀನಿ.

ಮನಿಗಿ ಹೇಳಿಲ್ಲ. ಈ ವರ್ಷ ಮಳಿಗಿ ತೊಗರಿ ಹೋಗಿ ಅಪ್ಪ ಮೊದಲೇ ತಲಿ ಕೆಡಿಸ್ಕೊಂಡಾರ.

---

ಸುರಪುರದಾಂವ (ಆಖೆನ್) · ಅಕ್ಟೋಬರ್ 28

"ಹಿಟ್ಟಿನ ಗಿರಣಿ ಬಾಜೂಕ" ಅಂತ ಬರೀಲಿಲ್ಲೇನು ಮತ್ತ? 😄

---

ಮೂರನೇಚಳಿಗಾಲ (ಬೀದರ್, ಈಗ ಚೆಮ್ನಿಟ್ಸ್) · ಅಕ್ಟೋಬರ್ 28

ಸುರಪುರದಣ್ಣಾ, ಆಕಿ ಪರೇಶಾನ್ ಆಗ್ಯಾಳ, ನಿಮಗ ನಗಿ.

ತಂಗಿ, ಒಂದೇ ಪ್ರಶ್ನೆ. ಕೆಳಗ ಬಾಗಲದಾಗಿನ ಟಪಾಲ ಡಬ್ಬಿ ಮ್ಯಾಲ ನಿನ್ನ ಹೆಸರು ಅದ ಏನು?

---

ಜೋಳದಹೊಲ · ಅಕ್ಟೋಬರ್ 28

ಇಲ್ರಿ ಅಣ್ಣಾ. ಫ್ಲ್ಯಾಟಿನವರ ಹೆಸರದ. ನಾ ವಿಳಾಸದಾಗ ಫ್ಲ್ಯಾಟ್ ನಂಬರ್ 7 ಅಂತ ಬರದೀನಲ್ಲ?

---

ಮೂರನೇಚಳಿಗಾಲ · ಅಕ್ಟೋಬರ್ 28

ಅಲ್ಲೇ ಅದ ರೋಗ.

ಕಲಬುರಗಿಯಾಗ ನಿಮ್ಮನಿ ವಿಳಾಸ ಹ್ಯಾಂಗ ಇರ್ತದ ಹೇಳು. ಬ್ರಹ್ಮಪುರ, ಇಂಥಾ ಗುಡಿ ಹಿಂದ, ಕಿರಾಣಿ ಅಂಗಡಿ ಎದುರ. ಟಪಾಲಿನಾಂವ ಕಿರಾಣಿ ಅಂಗಡ್ಯಾಂವಗ ಕೇಳ್ತಾನ, ಅಂವ ನಿಮ್ಮಪ್ಪನ ಹೆಸರು ತೊಗೊಂಡು ಬೆರಳು ತೋರಸ್ತಾನ. ಸುರಪುರದಣ್ಣ ಚಾಷ್ಟಿ ಮಾಡಿದ್ರೂ ಮಾತು ಅದೇ. ಇಲ್ಲಿ ಆ ಅಂಗಡ್ಯಾಂವ ಇಲ್ಲ. ಹತ್ತು ಮನಿ ಇರೋ ಕಟ್ಟಡಕ್ಕ ಒಂದೇ ನಂಬರ್, ಒಳಗಿನ ಮನಿಗಳಿಗಿ ನಂಬರ್ ಇರೋದೇ ಕಡಿಮಿ. ಟಪಾಲಿನವರು ನೋಡೋದು ಡಬ್ಬಿ ಮ್ಯಾಲಿನ ಹೆಸರು. ಹೆಸರಿದ್ರ ಹಾಕ್ತಾರ, ಇಲ್ಲಂದ್ರ ಕಳಿಸಿದವರಿಗೇ ವಾಪಸ್. ನೀ ಆ ಮನ್ಯಾಗ ನಿಂತು ಕೈ ಬೀಸಿದ್ರೂ ಅವರ ಲೆಕ್ಕದಾಗ ನೀ ಅಲ್ಲಿಲ್ಲ.

ಇವತ್ತೇ ಮಾಡು: ಫ್ಲ್ಯಾಟಿನವರ ಪರವಾನಗಿ ಕೇಳಿ ಡಬ್ಬಿ ಮ್ಯಾಲೂ ಗಂಟಿ ಮ್ಯಾಲೂ ನಿನ್ನ ಹೆಸರು ಅಂಟಿಸು. ಆಮ್ಯಾಲ ಬ್ಯಾಂಕಿಗಿ ಫೋನ್ ಹಚ್ಚಿ ಮೂರೂ ಪತ್ರ ಹೊಸದಾಗಿ ಕಳಸ್ರಿ ಅನ್ನು. ವಿಮೆಯವರಿಗೂ ಹಂಗೇ.

ಇನ್ನೊಂದು ಕೇಳ್ತೀನಿ, ಖರೇ ಹೇಳು. ಆನ್‌ಮೆಲ್ಡುಂಗ್ (ಊರಿನ ಕಚೇರ್ಯಾಗ ವಿಳಾಸದ ನೋಂದಣಿ) ಮಾಡಿಸೀ ಏನು?

---

ಜೋಳದಹೊಲ · ಅಕ್ಟೋಬರ್ 28

ಇಲ್ಲ. ಫ್ಲ್ಯಾಟಿನವರು "ಜರಾ ತಡಿ, ಆಮ್ಯಾಲ ನೋಡಮ್" ಅಂದಾರ.

---

ರೊಟ್ಟಿಅಕ್ಕ (ಸೇಡಂ, ಈಗ ಲೈಪ್‌ಜಿಗ್) · ಅಕ್ಟೋಬರ್ 28

"ಜರಾ ತಡಿ" ಅಂದ್ರ ಆಗೂದಿಲ್ಲ ಅಂತ ಅರ್ಥ, ಯವ್ವಾ. ನಾ ಆರು ವರ್ಷದಿಂದ ಈ ದೇಶದಾಗ ಇದ್ದೀನಿ, ಕೇಳ್ಕೋ.

ಮನಿ ಸೇರಿದ ಎರಡು ವಾರದಾಗ ಊರಿನ ಕಚೇರಿಗಿ ಹೋಗಿ "ನಾ ಇಲ್ಲಿರ್ತೀನಿ" ಅಂತ ನೋಂದಾಯಿಸಬೇಕು. ಕಾಯ್ದೆ ಅದು. ಅದಕ್ಕ ಮನಿ ಕೊಟ್ಟವರು ಸಹಿ ಮಾಡಿದ ಒಂದು ಕಾಗದ ಬೇಕು. ಹೆಸರು ಕೇಳಿದ್ರ ಉಸುರು ಕಟ್ತದ: ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಬಾಡಗಿ ಕರಾರು ತೋರ್ಸಿದ್ರ ನಡ್ಯಂಗಿಲ್ಲ, ಇದೇ ಬೇಕು. ಈ ಒಂದು ಹಾಳಿ ಮ್ಯಾಲ ಉಳದದ್ದೆಲ್ಲಾ ನಿಂತದ. ನೋಂದಣಿ ಇಲ್ಲಂದ್ರ ವಿದೇಶಿಯರ ಕಚೇರ್ಯಾಗ ವೀಸಾ ಮುಂದುವರ್ಸಲಿಕ್ಕ ಅರ್ಜಿ ತೊಗೊಳಂಗಿಲ್ಲ. ನೋಂದಣಿ ಆದ ಮ್ಯಾಲೇ 11 ಅಂಕಿಯ ತೆರಿಗೆ ನಂಬರ್ ಬರೋದು, ಅದೂ ಟಪಾಲಿನಾಗೇ. ಅದಿಲ್ದೆ ಪಾರ್ಟ್ ಟೈಮ್ ಕೆಲಸಕ್ಕ ಸೇರಿದ್ರ ಸಂಬಳದಾಗ ತೆರಿಗೆ ಜಾಸ್ತಿ ಹಿಡೀತಾರ.

ಮನಿಯವರು ಸಹಿ ಯಾಕ ಮಾಡವಲ್ರು? ಮಾಲೀಕರಿಗಿ ಹೇಳ್ದೆ ನಿನಗ ಖೋಲಿ ಬಾಡಗಿ ಕೊಟ್ಟಾರ, ಅಷ್ಟೇ. ನಿನ್ನ ಹೆಸರು ಕಾಗದದಾಗ ಬಂದ್ರ ಅವರ ಕುತ್ತಿಗಿಗಿ ಬರ್ತದ.

ಊಟ ಮಾಡ್ಲತ್ತೀ ಏನು? 140 ಯೂರೊ ಅಂತೀ.

---

ಜೋಳದಹೊಲ · ಅಕ್ಟೋಬರ್ 28

ಮಾಡ್ಲತ್ತೀನಿ ಅಕ್ಕಾ. ಅವ್ವ 40 ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿದ್ಳು. ರೊಟ್ಟಿ ಅರ್ಧ ಪುಡಿ ಆಗ್ಯಾವ. ಪುಡೀನೇ ಮೊಸರಿನಾಗ ಕಲಸ್ಕೊಂಡು ತಿಂತೀನಿ. ಮಧ್ಯಾಹ್ನ ಮೆನ್ಸಾದಾಗ (ವಿಶ್ವವಿದ್ಯಾಲಯದ ಕ್ಯಾಂಟೀನು) ಉಣ್ತೀನಿ.

---

ಯಾದಗಿರಿಪ್ಯಾಸೆಂಜರ್ (ಯಾದಗಿರಿ, ಮಾರ್ಚಿಗೆ ಹೊರಡುವವ) · ಅಕ್ಟೋಬರ್ 29

ಅಕ್ಕಾ, ತುಪ್ಪ ಒಯ್ದಿದ್ರೇನು? ನಮ್ಮವ್ವ ಎರಡು ಕಿಲೋ ತುಪ್ಪ, ಒಂದು ಕಿಲೋ ಖವಾ ಒಯ್ಯಲೇಬೇಕು ಅಂತ ಹಟ ಹಿಡದಾಳ.

---

ರೊಟ್ಟಿಅಕ್ಕ · ಅಕ್ಟೋಬರ್ 29

ಬ್ಯಾಡ ತಮ್ಮಾ. ಯುರೋಪ್ ಒಕ್ಕೂಟದ ಹೊರಗಿಂದ ಬರೋರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರೂಹಂಗಿಲ್ಲ. ತುಪ್ಪ, ಖವಾ, ಪೇಡೆ ಎಲ್ಲಾ ಅದರಾಗೇ ಬರ್ತಾವ. ಹಿಡದ್ರ ಕಣ್ಣ ಮುಂದೇ ಕಸದ ಬುಟ್ಟಿಗಿ ಹಾಕ್ತಾರ. ನನ್ನ ಕರದಂಟು ತುಪ್ಪದ್ದು ಅಂತ ತಿಳದು ಹೋಯ್ತು, ಅವತ್ತು ಅತ್ತಷ್ಟು ಮದಿವಿ ದಿನಾನೂ ಅತ್ತಿಲ್ಲ. ಹಸಿ ಕರಿಬೇವು, ಲಿಂಬಿಹಣ್ಣೂ ಬ್ಯಾಡ. ಹಿಂಡಿ, ಖಾರಪುಡಿ, ಬ್ಯಾಳಿ ಧಾರಾಳ ತಾ. ಬೆಣ್ಣಿ ಇಲ್ಲಿ ಭಾಳ ಚಲೋ ಸಿಗ್ತದ, ಒಲಿ ಮ್ಯಾಲಿಟ್ಟು ಕಾಸ್ಕೋ, ತುಪ್ಪ ಆಯ್ತು.

ಜೋಳದ ಹಿಟ್ಟು ನಮ್ಮ ಕಡಿ ಅಂಗಡಿಗಳೊಳಗ ಸಿಗ್ತದ, ಆದ್ರ ಹಳೇದಿರ್ತದ, ಜಿಗಿ ಇರಂಗಿಲ್ಲ. ನೀರು ಖಳಾಖಳಾ ಕುದಿಬೇಕು, ಅದರಾಗೇ ಹಿಟ್ಟು ನಾದಬೇಕು. ಅದಕೂ ದಾರಿಗಿ ಬರಲಿಲ್ಲಂದ್ರ ಎರಡು ಚಮಚ ಗೋದಿ ಹಿಟ್ಟು ಸೇರ್ಸು. ಅತ್ತಿ ಮುಂದ ಹೇಳಬ್ಯಾಡ.

---

ಸುರಪುರದಾಂವ · ಅಕ್ಟೋಬರ್ 29

ಮತ್ತ ರೊಟ್ಟಿ ಬಡಿಯೋ ಟೈಮ್ ನೋಡ್ಕೊಳ್ರಿ. ನಾ ಒಂದಿನ ರಾತ್ರಿ ಹತ್ತೂವರಿಗಿ ಬಡ್ಕೋತ ಕುಂತಿದ್ದೆ, ಕೆಳಗಿನ ಮನಿ ಮುದುಕಪ್ಪ ಮ್ಯಾಲ ಬಂದು ಗಂಟಿ ಬಾರ್ಸಿದ. ರಾತ್ರಿ 10ರಿಂದ ಮುಂಜಾನಿ 6ರ ತನಕ ಸಪ್ಪಳ ಮಾಡೂಹಂಗಿಲ್ಲ, ಭಾನುವಾರ ಇಡೀ ದಿನ ಮಾಡೂಹಂಗಿಲ್ಲ. ನನಗ ಭಾಷಾ ಬರ್ತಿರಲಿಲ್ಲ, ಕೈಯಾಗ ಹಿಟ್ಟಿತ್ತು. ಒಳಗ ಕರದು ತೋರಿಸ್ದೆ. ಒಂದು ರೊಟ್ಟಿ ತಿಂದ, ಖಾರ ಹೆಚ್ಚಾಯ್ತು, ನೀರು ಕುಡದ, "ನಾಳಿ ಏಳು ಗಂಟಿಗಿ ಮಾಡು" ಅಂತ ಗಡಿಯಾರ ತೋರ್ಸಿ ಹೋದ. ದೋಸ್ತಿ ಗೀಸ್ತಿ ಏನೂ ಆಗಲಿಲ್ಲ ಮತ್ತ, ಎದುರ ಸಿಕ್ರ ತಲಿ ಅಲ್ಲಾಡಸ್ತಾನ, ಅಷ್ಟೇ.

---

ಆಳಂದದಅಪ್ಪ (ಆಳಂದ) · ಅಕ್ಟೋಬರ್ 30

ನಾನು ವಿದ್ಯಾರ್ಥಿ ಅಲ್ಲ, ನನ್ನ ಮಗ ಬರುವ ವರ್ಷ ಜರ್ಮನಿಗೆ ಹೋಗಬೇಕು ಅನ್ನುತ್ತಿದ್ದಾನೆ. ಎರಡು ಮಾತು ಕೇಳುವುದಿದೆ.

ಒಂದು, ಬ್ಯಾಂಕಿನಲ್ಲಿ 11,904 ಯೂರೊ ಇಡಬೇಕಂತೆ, ಹತ್ತಿರ ಹತ್ತಿರ ಹನ್ನೆರಡು ಲಕ್ಷ ರೂಪಾಯಿ. ಅದು ಫೀಸಾ, ಡಿಪಾಜಿಟ್ಟಾ? ಎರಡು, ಚೆಮ್ನಿಟ್ಸ್ ಊರಿನಲ್ಲಿ 2018ರಲ್ಲಿ ಹೊರಗಿನವರ ವಿರುದ್ಧ ಗಲಾಟೆ ಆಗಿತ್ತು ಎಂದು ಓದಿದೆ. ಅಂಥ ಊರಿಗೆ ಹೆಣ್ಣುಮಗಳು ಒಬ್ಬಳೇ ಹೋಗಿದ್ದಾಳಲ್ಲ, ಹೇಗೆ?

---

ಮೂರನೇಚಳಿಗಾಲ · ಅಕ್ಟೋಬರ್ 30

ಕಾಕಾ, ಅದು ಫೀಸಲ್ಲ. ನಿಮ್ಮ ಮಗನ ಖರ್ಚಿಂದೇ ರೊಕ್ಕ, ಅವನ ಹೆಸರಿನಾಗೇ ಇರ್ತದ. ತಿಂಗಳಿಗಿ 992ರ ಮ್ಯಾಲ ತೆಗೀಲಿಕ್ಕ ಬರಂಗಿಲ್ಲ, ಅದಕ್ಕೇ ಬ್ಲಾಕ್ಡ್ ಅಂತಾರ. ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯದಾಗ ಬಹುತೇಕ ಕೋರ್ಸಿಗಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗಿ ಒಂದಿಷ್ಟು ವಂತಿಗಿ ಇರ್ತದ. ಆ 992ರಾಗ ವಿಮೆಗೇ 140ರ ಆಚೀಚೆ ಹೋಗ್ತದ, ಅದು ಮೊದಲೇ ಲೆಕ್ಕದಾಗ ಇಟ್ಕೊಳ್ರಿ. ಮತ್ತ ಮೊದಲ ತಿಂಗಳದ್ದು ಕೈಗಿ ಬರೋ ತನಕ ಬ್ಯಾರೆ ರೊಕ್ಕ ಬೇಕು, 1,500 ಯೂರೊ ಆದ್ರೂ. ಇದನ್ನ ಏಜೆಂಟರು ಹೇಳಂಗಿಲ್ಲ. ಈ ತಂಗೀಗೂ ಯಾರೂ ಹೇಳಿಲ್ಲ ಕಾಣ್ತದ.

ಎರಡನೇದಕ್ಕ ಸುಳ್ಳು ಹೇಳಂಗಿಲ್ಲ. 2018ರಾಗ ಆಗಿದ್ದು ಖರೇ. ನಾ ಮೂರು ಚಳಿಗಾಲ ಕಳದೀನಿ. ಒಂದು ಸಲ ಟ್ರಾಮಿನಾಗ ಕುಡದಾಂವ ಒಬ್ಬ ಬೈದ, ನನಗ ತಿಳೀಲಿಲ್ಲ, ಬಾಜೂಕ ಕುಂತಿದ್ದ ಅಜ್ಜಿಗಿ ತಿಳೀತು, ಆಕಿ ಅವನಿಗಿ ಬೈದ್ಳು. ಅದು ಬಿಟ್ರ ನಂಗೇನೂ ಆಗಿಲ್ಲ. ಆದ್ರ ನಾ ಗಂಡಸು, ಆರಡಿ ಇದ್ದೀನಿ. ಹೆಣ್ಣುಮಕ್ಕಳ ಅನುಭವ ಹೆಣ್ಣುಮಕ್ಕಳೇ ಹೇಳಬೇಕು.

---

ಜೋಳದಹೊಲ · ಅಕ್ಟೋಬರ್ 30

ಕಾಕಾ, ಹಗಲಿನಾಗ ಏನೂ ಅನಸಂಗಿಲ್ಲ. ರಾತ್ರಿ ಲ್ಯಾಬ್ ಮುಗದ ಮ್ಯಾಲ ಓಣಿ ಖಾಲಿ ಇರ್ತದ, ಅದೇ ತ್ರಾಸ. ಯಾರರ ಬಂದಾರಂತ ಹೆದರಿಕಿ ಅಲ್ಲ, ಯಾರೂ ಇಲ್ಲಲ್ಲ ಅಂತ. ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಏರಿಯಾದಾಗ ರಾತ್ರಿ ಹತ್ತಕ್ಕೂ ಭಜಿ ಗಾಡಿ ಮುಂದ ಮಂದಿ ನಿಂತಿರ್ತದ. ಇಲ್ಲಿ ಎಂಟಕ್ಕ ನನ್ನ ಬೂಟಿನ ಸಪ್ಪಳ ನನಗೇ ಕೇಳಸ್ತದ.

ಮೊನ್ನಿ ಭಾನುವಾರ ಗಡಿಯಾರ ಒಂದು ತಾಸು ಹಿಂದ ಸರ್ಸ್ಯಾರ. ನಮಗೂ ನಿಮಗೂ ಮೂರೂವರಿ ತಾಸು ಇದ್ದದ್ದು ಈಗ ನಾಲ್ಕೂವರಿ ಆಗ್ಯದ. ಅವ್ವಗ ಗೊತ್ತಿಲ್ಲ, ದಿನಾ ಕ್ಲಾಸಿನಾಗ ಇದ್ದಾಗ ಫೋನ್ ಮಾಡ್ತಾಳ. ಎತ್ತಲಿಲ್ಲಂದ್ರ ಅಳ್ತಾಳ.

---

ನಿವೃತ್ತಮಾಸ್ತರ್ (ಭಾಲ್ಕಿ) · ಅಕ್ಟೋಬರ್ 31

ನಾನು 1974ರಲ್ಲಿ ಭಾಲ್ಕಿಯಿಂದ ಧಾರವಾಡಕ್ಕೆ ಓದಲು ಹೋಗಿದ್ದೆ. ಆಗ ನನಗೆ ಅದೇ ವಿದೇಶ. ನನ್ನ ಕನ್ನಡ ಕೇಳಿ ಹುಡುಗರು ನಗುತ್ತಿದ್ದರು, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಉರ್ದು ಕಲಿತವನ ಕನ್ನಡ ಅದು. ಅಪ್ಪನ ಮನಿಯಾರ್ಡರ್ ಎರಡು ಸಲ ವಾಪಸ್ ಹೋಗಿತ್ತು, ಕಾರಣ ಕೇಳಿ: ಊರಲ್ಲಿ ನನ್ನನ್ನು ಕರೆಯುವ ಹೆಸರಿಗೆ ಕಳಿಸಿದ್ದ, ಹಾಸ್ಟೆಲಿನ ರಿಜಿಸ್ಟರಿನಲ್ಲಿ ಬೇರೆ ಹೆಸರಿತ್ತು. ಹದಿನೈದು ದಿನ ಚುರುಮುರಿ ತಿಂದಿದ್ದೇನೆ.

ಮಗಳೇ, ಡಬ್ಬಿಯ ಮೇಲೆ ಅಂಟಿಸಿದ ಹೆಸರು ಯಾವುದು, ಒಮ್ಮೆ ನೋಡಿಕೋ.

---

ಜೋಳದಹೊಲ · ನವೆಂಬರ್ 5

ಮಾಸ್ತರ್ರ, ನಿಮ್ಮ ಮಾತು ನಾ ಗಂಭೀರವಾಗಿ ತೊಗೋಬೇಕಾಗಿತ್ತು.

ನಾ ಡಬ್ಬಿ ಮ್ಯಾಲ ಅಂಟಿಸಿದ್ದು ನನ್ನ ಹೆಸರಷ್ಟೇ, ಅಡ್ಡಹೆಸರಲ್ಲ. ಇಲ್ಲಿ ಪತ್ರ ಬರೋದು ಅಡ್ಡಹೆಸರಿಗಿ. ಇವತ್ತು ಕ್ಲಾಸ್ ತಪ್ಪಿಸಿ ಬಾಗಲ ಹಂತೇಲೇ ಕುಂತಿದ್ದೆ. ಹಳದಿ ಸೈಕಲ್ ಮ್ಯಾಲ ಟಪಾಲಿನಾಕಿ ಬಂದ್ಳು. ಪಾಸ್‌ಪೋರ್ಟ್ ತೋರಿಸ್ದೆ. ಆಕಿ ಪಾಸ್‌ಪೋರ್ಟ್ ನೋಡಿದ್ಳು, ಡಬ್ಬಿ ನೋಡಿದ್ಳು, ಜೇಬಿನಿಂದ ಪೆನ್ ತೆಗದು ನನ್ನ ಚೀಟಿ ಮ್ಯಾಲ ತಾನೇ ಅಡ್ಡಹೆಸರು ಬರದ್ಳು. ಚೀಲದಾಗಿಂದ ಒಂದು ಲಕೋಟಿ ತೆಗದು ಡಬ್ಬಿಯೊಳಗ ಹಾಕಿದ್ಳು. ಎದುರೇ ನಿಂತೀನಿ, ಕೈಯಾಗ ಕೊಡಬಹುದಿತ್ತು. ಡಬ್ಬಿಯೊಳಗೇ ಹಾಕಿದ್ಳು.

ಕಾರ್ಡ್ ಬಂದದ. ಪಿನ್ ಇನ್ನೂ ಬರಬೇಕು.

---

ಸುರಪುರದಾಂವ · ನವೆಂಬರ್ 5

ಹೋ! ಪೇಡೆ ಹಂಚ್ರಿ. ಇಲ್ಲಾ ಬ್ಯಾಡ, ಅದು ಹಾಲಿನ ಪದಾರ್ಥ.

---

ಜೋಳದಹೊಲ · ನವೆಂಬರ್ 9

ಪಿನ್ ಬಂತು, ರೊಕ್ಕ ತೆಗದೆ. ರೊಟ್ಟಿಅಕ್ಕಾ, ನೀವು ಕಳಿಸ್ತೀನಿ ಅಂತ ಇನ್‌ಬಾಕ್ಸಿನಾಗ ಬರದಿದ್ದ 200 ಯೂರೊ ಬ್ಯಾಡ್ರಿ ಈಗ. ಕೇಳಿದ್ದೇ ಸಾಕು.

ಆದ್ರ ಫ್ಲ್ಯಾಟಿನವರು ಇವತ್ತು ಸಾಫ್ ಹೇಳಿದ್ರು, ಸಹಿ ಮಾಡಂಗಿಲ್ಲ. ಡಬ್ಬಿ ಮ್ಯಾಲಿನ ಹೆಸರೂ ತಿಂಗಳ ಕೊನಿಗಿ ತೆಗೀಬೇಕಂತ. ಕೆಟ್ಟವರಲ್ಲ, ಅವರ ಕೋರ್ಸ್ ಮುಗೀಲಿಕ್ಕ ಬಂದದ, ಮಾಲೀಕರ ಸಂಗಟ ಜಗಳ ಬ್ಯಾಡ ಅವರಿಗಿ. ನನ್ನ ವೀಸಾ ಫೆಬ್ರುವರಿ ತನಕ ಅದ. ಏನ್ ಮಾಡ್ಲಿ?

---

ಶಾರ್ಟ್‌ಕಟ್585 · ನವೆಂಬರ್ 9

ಟೆನ್ಷನ್ ಬೇಡ. 200 ಯೂರೊ ಕೊಟ್ರೆ ಅಡ್ರೆಸ್ ಕೊಡೋರು ಇದ್ದಾರೆ. ಅಲ್ಲಿ ಇರೋದೂ ಬೇಡ, ಪೇಪರ್ ಸಿಗುತ್ತೆ. ಇನ್‌ಬಾಕ್ಸಿಗೆ ಬನ್ನಿ.

---

ಮೂರನೇಚಳಿಗಾಲ · ನವೆಂಬರ್ 9

ಹೋಗಬ್ಯಾಡ ತಂಗಿ. ನೀ ಇಲ್ಲದ ಮನ್ಯಾಗ ನಿನ್ನ ಹೆಸರು ನೋಂದಾಯಿಸೋದು ಅಪರಾಧ. ಹಿಂಗ ಸುಳ್ಳು ವಿಳಾಸ ಕೊಡೋರಿಗಿ 50,000 ಯೂರೊ ತನಕ ದಂಡ ಹಾಕಬಹುದು ಅಂತ ಕಾಯ್ದೆಯಾಗೇ ಅದ. ಸಿಕ್ಕಬಿದ್ರ ನಿನ್ನ ವೀಸಾಕ್ಕೂ ಕುತ್ತು. ಮತ್ತ ಅದೂ ಬಿಡು, ಆ ಡಬ್ಬಿಗಿ ಬಂದ ಪತ್ರ ನಿನಗ ಯಾರು ತಂದು ಕೊಡ್ತಾರ? ಮತ್ತ ಅದೇ ರಾಗ, ಅದೇ ಹಾಡು.

---

ನಿರ್ವಾಹಕ · ನವೆಂಬರ್ 9

ವಿಳಾಸ ಮಾರುವ ಸದಸ್ಯರನ್ನು ಹೊರಗೆ ಹಾಕಿದ್ದೇವೆ. ಆ ಸಂದೇಶ ಅಳಿಸಿಲ್ಲ, ಬೇರೆಯವರು ಗುರುತು ಹಿಡಿಯಲಿ ಎಂದು ಬಿಟ್ಟಿದ್ದೇವೆ.

---

ರೊಟ್ಟಿಅಕ್ಕ · ನವೆಂಬರ್ 10

ಈಗ ಕೇಳು. ನಿಮ್ಮೂರು ಮ್ಯೂನಿಕ್ ಅಲ್ಲ. ಮ್ಯೂನಿಕ್ ಆಗಿದ್ರ ನಾ ಹಿಂಗ ಆರಾಮ್ ಕುಂತು ಬರೀತಿರಲಿಲ್ಲ. ಚೆಮ್ನಿಟ್ಸ್‌ನಾಗ ಜನ ಬಿಟ್ಟು ಹೋಗಿ ಖಾಲಿ ಮನಿ ಸಾಕಷ್ಟು ಅವ, ಬಾಡಗಿ ಜರ್ಮನಿಯಾಗೇ ಕಡಿಮಿ ಅನ್ನೋ ಊರುಗಳಾಗ ಅದೂ ಒಂದು. ಮೊದಲು ರೈಖೆನ್‌ಹೈನರ್ ಓಣ್ಯಾಗಿನ ವಿದ್ಯಾರ್ಥಿ ಹಾಸ್ಟೆಲಿನವರ ಕಚೇರಿಗಿ ನೀನೇ ಹೋಗು. ಮೇಲ್ ಮಾಡಿ ಕಾಯಬ್ಯಾಡ. ನವೆಂಬರಿನಾಗ ಕೋರ್ಸ್ ಬಿಟ್ಟು ಹೋಗೋರು, ಬ್ಯಾರೆ ಊರಿಗಿ ಹೋಗೋರು ಇರ್ತಾರ, ಖೋಲಿ ಬೀಳ್ತಾವ. ಯಾರು ಮೊದಲು ಎದುರ ನಿಂತಾರ ಅವರಿಗೇ. ಹಾಸ್ಟೆಲ್ ಆದ್ರ ಆ ಸಹಿ ಕಾಗದ ಕರಾರಿನ ಸಂಗಟನೇ ಕೊಡ್ತಾರ.

ಸಿಗಲಿಲ್ಲಂದ್ರ ಹೊರಗ ನೋಡು. ಆದ್ರ ಮನಿ ಕಣ್ಣಿಲೆ ನೋಡೋಕಿಂತ ಮೊದಲು ಒಂದು ಸೆಂಟ್ ಸೈತ ಕಳಸಬ್ಯಾಡ. "ನಾ ಲಂಡನ್‌ನಾಗ ಇದ್ದೀನಿ, ಚಾವಿ ಟಪಾಲಿನಾಗ ಕಳಸ್ತೀನಿ" ಅನ್ನೋರೆಲ್ಲಾ ಕಳ್ಳರು. ಮುಂಗಡ ಕೇಳಿದ್ರ ಕಾಲ್ಟ್‌ಮೀಟೆಯ ಮೂರು ಪಟ್ಟು ಮೀರೂಹಂಗಿಲ್ಲ. ಕಾಲ್ಟ್ ಅಂದ್ರ ಬರೇ ಗ್ವಾಡಿಗಿ ಕೊಡೋ ಬಾಡಗಿ, ವಾರ್ಮ್ ಅಂದ್ರ ಹೀಟರ್, ನೀರು, ಕಸ ಸೇರಿ. ನಮ್ಮ ಹುಡುಗರು ಕಾಲ್ಟ್ ನೋಡಿ ಸೋವಿ ಸಿಕ್ತು ಅಂತ ಕುಣೀತಾರ, ವರ್ಷ ಮುಗದ ಮ್ಯಾಲ ಹೀಟರ್ ಬಿಲ್ಲು ಬಂದಾಗ ನಡಾ ಮುರೀತದ. ಚಳಿ ಅಂತ ಕಿಟಕಿ ಬಂದ್ ಮಾಡಿ, ಒಳಗೇ ಅರಬಿ ಒಣಗ್ಸಿ, ಗ್ವಾಡಿಗಿ ಬೂಷ್ಟು ಬರ್ಸಬ್ಯಾಡ. ದಿನಾ ಎರಡು ಸಲ ಹತ್ತು ನಿಮಿಷ ಕಿಟಕಿ ಪೂರಾ ತೆಗಿ, ಹೀಟರ್ ಬಂದ್ ಮಾಡಿ. ಇಲ್ಲಂದ್ರ ಮುಂಗಡದಾಗ ಹಿಡೀತಾರ.

---

ಯಾದಗಿರಿಪ್ಯಾಸೆಂಜರ್ · ನವೆಂಬರ್ 10

ನಾವು ನಮ್ಮ ಕಡಿ ಮೀಸಲಾತಿಯ 371ಜೆ ಸರ್ಟಿಫಿಕೇಟಿಗಿ ತಹಸೀಲ್ ಆಫೀಸ್ ಆರು ಸಲ ತಿರಗಿದ ಮಂದಿ. ಜರ್ಮನಿ ಕಾಗದ ಏನು ದೊಡ್ಡದು ಅನ್ಕೊಂಡಿದ್ದೆ. ಈಗ ಹೊಟ್ಟಿ ಜುಮ್ ಅನ್ಲತ್ತದ.

---

ಸುರಪುರದಾಂವ · ನವೆಂಬರ್ 10

ಫರಕ್ ಏನಂದ್ರ ತಮ್ಮಾ, ತಹಸೀಲ್ ಆಫೀಸಿನಾಗ ಯಾರರ ಪರಿಚಯದವರು ಇರ್ತಾರ. ಇಲ್ಲಿ ಯಾರೂ ಇರಂಗಿಲ್ಲ, ಆದ್ರ ಟೈಮ್ ಕೊಟ್ಟ ಮ್ಯಾಲ ಆ ಟೈಮಿಗಿ ಕರೀತಾರ. ಯಾವುದು ಚಲೋ ಅಂತ ನಾ ಇನ್ನೂ ಠರಾವು ಮಾಡಿಲ್ಲ.

---

ಜೋಳದಹೊಲ · ನವೆಂಬರ್ 27

ಖೋಲಿ ಸಿಕ್ತು! ಡಿಸೆಂಬರ್ 1ರಿಂದ. ಅಕ್ಕ ಹೇಳಿದಂಗ ಹಾಸ್ಟೆಲ್ ಕಚೇರಿಗಿ ನಾಲ್ಕು ಸಲ ಹೋದೆ. ನಾಲ್ಕನೇ ಸಲ ಅಲ್ಲಿನ ಹೆಣ್ಣುಮಗಳು ನನ್ನ ಮಾರಿ ನೋಡಿದ ಕೂಡ್ಲೇ ನಕ್ಕಳು. ಬಾಡಗಿ 280, ಕರೆಂಟು, ಹೀಟರ್, ಇಂಟರ್ನೆಟ್ ಎಲ್ಲಾ ಸೇರಿ. ಡಬ್ಬಿ ಮ್ಯಾಲ ಹೆಸರಿನ ಪಟ್ಟಿ ಅವರೇ ಅಚ್ಚು ಹಾಕಿ ಹಚ್ತಾರಂತ, ಅಡ್ಡಹೆಸರು.

ಅಪ್ಪಗ ಎಲ್ಲಾ ಹೇಳಿಬಿಟ್ಟೆ. ಒಂದು ನಿಮಿಷ ಸುಮ್ಮನಿದ್ರು, ಆಮ್ಯಾಲ "ಆ ಟಪಾಲಿನಾಕಿಗಿ ಚಹಾ ಕುಡಿಸ್ದೆ ಇಲ್ಲ?" ಅಂದ್ರು.

---

ಜೋಳದಹೊಲ · ಡಿಸೆಂಬರ್ 9

ಇವತ್ತು ಆನ್‌ಮೆಲ್ಡುಂಗ್ ಆಯ್ತು. ಇದನ್ನ ಜರಾ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಕೌಂಟರಿನಾಗ ಐವತ್ತರ ಆಸುಪಾಸಿನ ಹೆಣ್ಣುಮಗಳು. ಕಾಗದ ಎಲ್ಲಾ ಕೊಟ್ಟೆ. ನನ್ನ ಪಾಸ್‌ಪೋರ್ಟಿನಾಗ ಹುಟ್ಟಿದ ಊರು ಗುಲಬರ್ಗಾ ಅಂತದ, ಜನ್ಮ ಪ್ರಮಾಣಪತ್ರ ಆಮ್ಯಾಲ ತೆಗಸಿದ್ದು, ಅದರಾಗ ಕಲಬುರಗಿ ಅಂತದ. ಆಕಿ ಎರಡೂ ಬಾಜೂ ಬಾಜೂ ಇಟ್ಟು ಬೆರಳಿಲೆ ತೋರ್ಸಿ "ಎರಡು ಊರಾ?" ಅಂದ್ಳು. ನನ್ನ ಎದಿ ಧಸಕ್ ಅಂತು. ಮತ್ತ ವಾಪಸ್ ಕಳಸ್ತಾಳ, ಮತ್ತ ಬ್ಯಾರೆ ಕಾಗದ ಕೇಳ್ತಾಳ ಅನಸ್ತು. ನನ್ನ ಹರಕುಮುರಕು ಜರ್ಮನಿನಾಗ ಹೇಳ್ದೆ: ಊರು ಒಂದೇ, 2014ರಾಗ ಸರ್ಕಾರ ಹೆಸರು ಬದಲಿ ಮಾಡ್ತು, ನಾವು ಮನ್ಯಾಗ ಮೊದಲಿಂದಲೂ ಕಲಬುರಗಿ ಅಂತೇ ಅಂತಿದ್ವಿ.

ಆಕಿ ಕನ್ನಡಕ ತೆಗದ್ಳು. "ನನ್ನ ಕಾಗದದಾಗೂ ಹಂಗೇ ಅದ" ಅಂದ್ಳು. ಆಕಿ ಹುಟ್ಟಿದ್ದು ಇದೇ ಊರಾಗ, ಆದ್ರ ಆಕಿ ಜನ್ಮ ಪತ್ರದಾಗ ಕಾರ್ಲ್ ಮಾರ್ಕ್ಸ್ ಶ್ಟಾಟ್ ಅಂತದ. 1953ರಿಂದ 1990ರ ತನಕ ಈ ಊರಿನ ಹೆಸರು ಅದೇ ಇತ್ತು. ಮಾರ್ಕ್ಸ್ ಇಲ್ಲಿ ಇದ್ದಾಂವೇನೂ ಅಲ್ಲ, ಆಗಿನ ಪೂರ್ವ ಜರ್ಮನಿ ಸರ್ಕಾರ ಇಟ್ಟಿದ್ದು. ಬರ್ಲಿನ್ ಗೋಡೆ ಬಿದ್ದ ಮ್ಯಾಲ ಊರಿನ ಮಂದಿ ಮತ ಹಾಕಿ ಹಳೇ ಹೆಸರೇ ತಂದ್ರು. ಅವನ ತಲಿ ಮಾತ್ರ ಇನ್ನೂ ಅದ, ಊರ ನಡುವ, ಏಳು ಮೀಟರ್ ಎತ್ತರದ ಕಂಚಿನ ತಲಿ, ಮೈ ಇಲ್ಲ, ಬರೇ ತಲಿ. ನಮ್ಮ ಕಲಬುರಗಿ ಜಗತ್ ಸರ್ಕಲ್ ಇದ್ದಂಗ, ಎಲ್ಲರೂ "ತಲಿ ಹಂತೇಲಿ ಸಿಗಮ್" ಅಂತಾರ.

"ನಮ್ಮವ್ವ ಇನ್ನೂ ಚೆಮ್ನಿಟ್ಸ್ ಅಂತ ಒಂದು ಸಲಾನೂ ಬರದಿಲ್ಲ" ಅಂದ್ಳು. ನಮ್ಮ ಕಾಕಾನೂ ಬಸ್ಸಿನಾಗ ಗುಲಬರ್ಗಾ ಅಂತೇ ಟಿಕೆಟ್ ಕೇಳ್ತಾನ ಅಂತ ಹೇಳಬೇಕನಸ್ತು, ಅಷ್ಟು ಜರ್ಮನ್ ಬರಲಿಲ್ಲ. ಆಕಿ ಪಾಸ್‌ಪೋರ್ಟಿನಾಗ ಇದ್ದಂಗ ಗುಲಬರ್ಗಾ ಅಂತೇ ಟೈಪ್ ಮಾಡಿ, ಸಿಕ್ಕಾ ಹೊಡದು ಕೊಟ್ಳು. ಎಲ್ಲಾ ಸೇರಿ ಹದಿನೈದು ನಿಮಿಷ. ಎರಡು ತಿಂಗಳ ಮ್ಯಾಲ ನಿದ್ದಿ ಕೆಡಿಸಿದ್ದು ಹದಿನೈದು ನಿಮಿಷದ ಕೆಲಸ.

---

ನಿವೃತ್ತಮಾಸ್ತರ್ · ಡಿಸೆಂಬರ್ 9

ಇದನ್ನು ನನ್ನ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳ ತವರು ಗುಲಬರ್ಗಾ. ಕಲಬುರಗಿ ಅಂದರೆ ಈಗಲೂ ಸಿಟ್ಟಾಗುತ್ತಾಳೆ.

---

ಮೂರನೇಚಳಿಗಾಲ · ಡಿಸೆಂಬರ್ 10

ಚಲೋ ಆಯ್ತು. ಈಗ ತಡಾ ಮಾಡದೆ ವಿದೇಶಿಯರ ಕಚೇರಿಗಿ ಅರ್ಜಿ ಹಾಕು, ವೀಸಾ ಮುಗಿಯೋಕಿಂತ ಮೊದಲು ಅರ್ಜಿ ಅವರ ಕೈಯಾಗ ಇರಬೇಕು. ಹಾಕಿದ್ದಕ್ಕ ಪುರಾವೆ ಇಟ್ಕೋ. ಕೆಲಸ ಹುಡುಕೋದಾದ್ರ ವರ್ಷಕ್ಕ 140 ಪೂರಾ ದಿನ, ಇಲ್ಲಾ 280 ಅರ್ಧ ದಿನ ಮಾಡಬಹುದು. ಈ ವರ್ಷ (2025) ತಾಸಿಗಿ ಕಮ್ಮಿ ಅಂದ್ರ 12.82 ಯೂರೊ ಕೊಡಬೇಕು, 2026ರ ಜನವರಿಯಿಂದ 13.90. ಅದಕ್ಕಿಂತ ಕಡಿಮಿಗಿ ಕರೆಯೋ ನಮ್ಮ ದೇಶದ ಹೋಟೆಲಿನವರೂ ಇದ್ದಾರ, ಕೈಗಿ ರೊಕ್ಕ ಕೊಡ್ತೀವಿ ಅಂತ. ಹೋಗಬ್ಯಾಡ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗೀಲಿ ಅಂತ ನನ್ನ ಮಾತು, ಹೊಟ್ಟಿಗಿ ತ್ರಾಸ ಇಲ್ಲಂದ್ರ.

---

ಜೋಳದಹೊಲ · ಡಿಸೆಂಬರ್ 19

ಇವತ್ತು ಎಳ್ಳ ಅಮಾಸಿ. ಮನಿಯವರೆಲ್ಲಾ ಹೊಲಕ್ಕ ಹೋಗ್ಯಾರ. ಅವ್ವ ವಿಡಿಯೋ ಕಾಲ್ ಮಾಡಿದ್ಳು, ಈ ಸಲ ಬರೋಬ್ಬರಿ ಟೈಮಿಗಿ. ತೊಗರಿ ಉಳದದ್ದು ಅಲ್ಲೊಂದು ಇಲ್ಲೊಂದು ಸಾಲು, ಆದ್ರೂ ಚರಗ ಚೆಲ್ಲಿದ್ರು, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಎಲ್ಲಾ ಮಾಡ್ಯಾಳ. ಬುಟ್ಟಿ ಮುಂದ ಫೋನ್ ಹಿಡದು "ನಿನ್ನ ಪಾಲು" ಅಂದ್ಳು.

ಇಲ್ಲಿ ಎಂಟಕ್ಕ ಬೆಳಕಾಗ್ತದ, ನಾಲ್ಕಕ್ಕ ಕತ್ತಲಾಗ್ತದ. ಹಾಸ್ಟೆಲಿನ ಅಡಗಿಮನ್ಯಾಗ ನಾನೂ ಭಜ್ಜಿ ಮಾಡ್ದೆ. ಹಸಿ ತೊಗರಿಕಾಳು ಎಲ್ಲಿ ಸಿಗಬೇಕು? ಹಸಿ ಬಟಾಣಿ, ಮೆಂತ್ಯಾಸೊಪ್ಪು ಒಣಗಿದ್ದು, ಟರ್ಕಿಯವರ ಅಂಗಡಿ ಕಡಲಿಹಿಟ್ಟು. ಬಾಜೂ ಖೋಲಿಯ ವಿಯೆಟ್ನಾಮ್ ಹುಡುಗಿ ತಿಂದು ಎರಡನೇ ಸಲ ಹಾಕ್ಕೊಂಡ್ಳು. ಚರಗ ಎಲ್ಲಿ ಚೆಲ್ಲಬೇಕು ತಿಳೀಲಿಲ್ಲ, ಹಾಸ್ಟೆಲ್ ಹಿಂದಿನ ಗಿಡದ ಬುಡಕ್ಕ ಒಂದು ಚಮಚ ಇಟ್ಟು ಬಂದೆ. ಕಸ ಹಾಕೀ ಅಂತ ಯಾರೂ ಬೈಲಿಲ್ಲ, ಪುಣ್ಯ.

---

ರೊಟ್ಟಿಅಕ್ಕ · ಡಿಸೆಂಬರ್ 19

ಅಡಗಿಮನ್ಯಾಗಿನ ಫೋಟೋ ಹಾಕು. ಮುಂದಿನ ಶನಿವಾರ ಲೈಪ್‌ಜಿಗ್‌ಗಿ ಬಾ, ಒಂದು ತಾಸಿನ ರೈಲು. ಸಜ್ಜಿ ಹಿಟ್ಟು ಅದ ನನ್ನ ಹತ್ರ.

---

ಜೋಳದಹೊಲ · ಡಿಸೆಂಬರ್ 22

ಬರ್ತೀನಿ ಅಕ್ಕಾ.

ಒಂದು ಹೇಳೋದು ಮರ್ತೆ. ಹೊಸ ಡಬ್ಬಿಗಿ, ನನ್ನ ಪೂರಾ ಹೆಸರು ಅಡ್ಡಹೆಸರು ಸಮೇತ ಬರದು, ಮೊದಲ ಪತ್ರ ಬಂತು. ಓಡಿ ಹೋಗಿ ತೆಗದೆ. ರೇಡಿಯೊ-ಟಿವಿ ವಂತಿಗಿ ತುಂಬ್ರಿ ಅಂತ, ತಿಂಗಳಿಗಿ 18.36 ಯೂರೊ.

ನನ್ನ ಖೋಲ್ಯಾಗ ಟಿವಿ ಇಲ್ರಿ.

---

ಸುರಪುರದಾಂವ · ಡಿಸೆಂಬರ್ 22

ಟಿವಿ ಇರ್ಲಿ ಬಿಡ್ಲಿ, ಮನಿಗೊಂದು ತುಂಬಲೇಬೇಕು. ನೀವಿಬ್ಬರು ಒಂದೇ ಫ್ಲ್ಯಾಟಿನಾಗ ಇದ್ರ ಒಬ್ಬರು ತುಂಬಿದ್ರ ಸಾಕು, ವಿಯೆಟ್ನಾಮ್ ಹುಡುಗಿಗಿ ಕೇಳು, ಆಕಿ ಮೊದಲೇ ತುಂಬ್ಲತ್ತಿರಬಹುದು.

---

ಜೋಳದಹೊಲ · ಡಿಸೆಂಬರ್ 22

ಕೇಳ್ದೆ. ಆಕಿಗೂ ಇವತ್ತೇ ಬಂದದ.